ಮಲೆನಾಡಿನ ಮನೆಗೊಂದು ಗೇಮಿಂಗ್ ಕಂಪ್ಯೂಟರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡು ತಾಲ್ಲೂಕುಗಳಿಂದ ಬಂದಿವೆ. ಕೇಳಿರುವ ವಿಷಯವೂ ಬಹುಮಟ್ಟಿಗೆ ಒಂದೇ: ಹೆಚ್ಚು ಸಾಮರ್ಥ್ಯದ ಗೇಮಿಂಗ್ ಕಂಪ್ಯೂಟರನ್ನು ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಳ್ಳುವುದು ಹೇಗೆ ಎಂಬುದು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ–ಆಗುಂಬೆ ರಸ್ತೆಯಿಂದ ಸ್ವಲ್ಪ ಒಳಗಿದೆ. ಮನೆಯಿಂದಲೇ ಕೆಲಸ ಮಾಡುವ ನಾನು ಸುಮಾರು ಮೂರು ಲಕ್ಷ ರೂಪಾಯಿ ಉಳಿಸಿಕೊಂಡಿದ್ದು, ಐದಾರು ವರ್ಷ ಬಾಳುವ ಗೇಮಿಂಗ್ ಕಂಪ್ಯೂಟರ್ ಕಟ್ಟಿಸಬೇಕೆಂದಿದ್ದೇನೆ. ಗೆಳೆಯರೊಬ್ಬರು ಬರೆದುಕೊಟ್ಟ ಪಟ್ಟಿ ಹೀಗಿದೆ: ರೈಜೆನ್ 7 9800ಎಕ್ಸ್3ಡಿ ಪ್ರೊಸೆಸರ್, ಆರ್‌ಟಿಎಕ್ಸ್ 5080 ಗ್ರಾಫಿಕ್ಸ್ ಕಾರ್ಡ್, ಎಕ್ಸ್870ಇ ಮದರ್‌ಬೋರ್ಡ್, 16 ಜಿಬಿಯ ನಾಲ್ಕು ರ‍್ಯಾಮ್ ಸ್ಟಿಕ್‌ಗಳು, ಜೆನ್ 5 (ಐದನೇ ತಲೆಮಾರಿನ) ಎಸ್‌ಎಸ್‌ಡಿ (ಫೈಲುಗಳನ್ನು ಉಳಿಸಿಡುವ ಡ್ರೈವ್), 360 ಎಂಎಂ ಲಿಕ್ವಿಡ್ ಕೂಲರ್, 750 ವಾಟ್‌ನ ಎಸ್‌ಎಂಪಿಎಸ್ (ಬಿಡಿಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ). ಮಾನಿಟರ್ ಮಾತ್ರ ಈಗಿರುವ 24 ಇಂಚಿನ ಫುಲ್ ಎಚ್‌ಡಿಯೇ ಸಾಕು ಎಂದಿದ್ದಾರೆ. ಈ ಪಟ್ಟಿ ಸರಿಯಿದೆಯೇ?
— ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬಿಡಿಬಿಡಿಯಾಗಿ ನೋಡಿದರೆ ಪಟ್ಟಿಯಲ್ಲಿರುವ ಹೆಚ್ಚಿನ ಭಾಗಗಳು ಒಳ್ಳೆಯವೇ. ಆದರೆ ಒಟ್ಟಾಗಿ ನೋಡಿದಾಗ ಹಣವು ಕಣ್ಣಿಗೆ ಕಾಣದ ಕಡೆ ಹೆಚ್ಚು ಹೋಗಿದೆ, ಯಂತ್ರವನ್ನು ಉಳಿಸುವ ಕಡೆ ಕಡಿಮೆ ಬಿದ್ದಿದೆ. ಮಲೆನಾಡಿನ ಒಳಪ್ರದೇಶದಲ್ಲಿ ಕಂಪ್ಯೂಟರ್ ಕಟ್ಟಿಸುವವರು ಮೊದಲು ಗೋಡೆಯ ಸಾಕೆಟ್ಟಿಗೆ ಬರುವ ವಿದ್ಯುತ್ತನ್ನು, ಆನಂತರ ಮಾನಿಟರನ್ನು, ಅದಾದ ಮೇಲೆ ಗ್ರಾಫಿಕ್ಸ್ ಕಾರ್ಡನ್ನು, ಕೊನೆಗೆ ಉಳಿದದ್ದನ್ನು ಯೋಚಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಪಟ್ಟಿ ಇದಕ್ಕೆ ತಿರುಗುಮುರುಗಾಗಿದೆ. ವಿದ್ಯುತ್ತಿನ ವಿಚಾರವನ್ನು ಮುಂದಿನ ಪ್ರಶ್ನೆಗೆ ಉತ್ತರಿಸುವಾಗ ವಿವರವಾಗಿ ಬರೆದಿದ್ದೇನೆ, ಅದನ್ನೂ ತಪ್ಪದೆ ಓದಿ.

ಮೊದಲಿಗೆ ಮಾನಿಟರ್. ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿರುತ್ತವೆ; 1440ಪಿ ಎಂದು ಕರೆಯುವ 2560×1440 ಪರದೆಯಲ್ಲಿ ಸುಮಾರು 36.9 ಲಕ್ಷ, 4ಕೆ ಪರದೆಯಲ್ಲಿ ಸುಮಾರು 82.9 ಲಕ್ಷ. ಗ್ರಾಫಿಕ್ಸ್ ಕಾರ್ಡು ಪ್ರತಿಯೊಂದು ಫ್ರೇಮಿನಲ್ಲಿಯೂ (ಪರದೆಗೆ ಕಳುಹಿಸುವ ಒಂದೊಂದು ಚಿತ್ರದಲ್ಲಿಯೂ) ಇಷ್ಟು ಚುಕ್ಕೆಗಳ ಬಣ್ಣವನ್ನು ಲೆಕ್ಕ ಹಾಕಬೇಕಾಗುವುದರಿಂದ, ಯಾವ ಕಾರ್ಡು ಬೇಕು ಎಂಬುದನ್ನು ಬಹುಪಾಲು ಪರದೆಯೇ ನಿರ್ಧರಿಸುತ್ತದೆ. 5080ರಂಥ ಕಾರ್ಡನ್ನು ಕೊಂಡು ಹಳೆಯ ಫುಲ್ ಎಚ್‌ಡಿ ಪರದೆಗೆ ಜೋಡಿಸಿದರೆ ಕಾರ್ಡಿನ ಶಕ್ತಿಯ ದೊಡ್ಡ ಪಾಲು ಸುಮ್ಮನೆ ಕುಳಿತಿರುತ್ತದೆ. ನೀವು ತೆತ್ತ ಹಣ ನಿಮ್ಮ ಕಣ್ಣಿಗೆ ತಲುಪುವುದೇ ಇಲ್ಲ. ನಿಮ್ಮ ಬಜೆಟ್ಟಿನಲ್ಲಿ 27 ಇಂಚಿನ, 165 ಹರ್ಟ್ಸ್ (ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವ) ಅಥವಾ ಅದಕ್ಕೂ ಹೆಚ್ಚಿನ ವೇಗದ ಒಂದು 1440ಪಿ ಐಪಿಎಸ್ (ಬಣ್ಣ ಚೆನ್ನಾಗಿ ತೋರುವ ಪರದೆಯ ಬಗೆ) ಮಾನಿಟರನ್ನು ಮೊದಲು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮೇಜಿನ ಮುಂದೆ ಕುಳಿತು ಆಡುವ ದೂರಕ್ಕೆ ಈ ಅಳತೆ ತುಂಬ ಸಮಂಜಸವಾದದ್ದು, ಮೇಲಾಗಿ ಅಕ್ಷರಗಳೂ ಸ್ಫುಟವಾಗಿ ಕಾಣುವುದರಿಂದ ನಿಮ್ಮ ದಿನದ ಕೆಲಸಕ್ಕೂ ಅನುಕೂಲ.

ಪರದೆ ನಿರ್ಧಾರವಾದ ಮೇಲೆ ಕಾರ್ಡಿನ ಆಯ್ಕೆ ಸುಲಭವಾಗುತ್ತದೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 5070 ಟಿಐ ಮತ್ತು 5080 ಎರಡರಲ್ಲೂ 16 ಜಿಬಿ ಜಿಡಿಡಿಆರ್7 ಮೆಮೊರಿ ಇದೆ. 5080 ಹೆಚ್ಚು ವೇಗದ್ದು ಎಂಬುದು ನಿಜ, ಆದರೆ ವೇಗದಲ್ಲಿನ ಅಂತರವು ಬೆಲೆಯಲ್ಲಿನ ಅಂತರದಷ್ಟಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಎಎಂಡಿ ಬಿಡುಗಡೆ ಮಾಡಿದ ರೇಡಿಯಾನ್ ಆರ್‌ಎಕ್ಸ್ 9070 ಎಕ್ಸ್‌ಟಿಯಲ್ಲಿಯೂ 16 ಜಿಬಿ ಮೆಮೊರಿ ಇದ್ದು, ಸಾಮಾನ್ಯ ಆಟಗಳಲ್ಲಿ ಅದು 5070 ಟಿಐಗೆ ಹತ್ತಿರದಲ್ಲೇ ನಿಲ್ಲುತ್ತದೆ. ಬೆಳಕು ನೆರಳುಗಳನ್ನು ನಿಜದಂತೆ ಲೆಕ್ಕ ಹಾಕುವ ರೇ ಟ್ರೇಸಿಂಗ್ ನಿಮಗೆ ಮುಖ್ಯವಾಗಿದ್ದರೆ ಎನ್‌ವಿಡಿಯಾದ ಕಾರ್ಡನ್ನೂ, ಕೊಟ್ಟ ಹಣಕ್ಕೆ ಸಿಗುವ ಫ್ರೇಮುಗಳ ಸಂಖ್ಯೆಯೇ ಮುಖ್ಯವಾಗಿದ್ದರೆ ಆ ದಿನದ ಬೆಲೆ ನೋಡಿಕೊಂಡು ಎಎಂಡಿಯದನ್ನೂ ಆರಿಸಬಹುದು. 1440ಪಿ ಪರದೆಗೆ 5070 ಟಿಐ, 9070 ಎಕ್ಸ್‌ಟಿ ಈ ಎರಡರಲ್ಲಿ ಯಾವುದಾದರೂ ಸಾಕು. ಐದಾರು ವರ್ಷ ಬಾಳಬೇಕು ಎನ್ನುವವರು 12 ಜಿಬಿ ಮೆಮೊರಿಯ 5070 ಕಡೆಗೆ ಹೋಗದಿರುವುದು ಲೇಸು, ಏಕೆಂದರೆ ಹೊಸ ಆಟಗಳು ಈಗಾಗಲೇ ಆ ಮಿತಿಯ ಸಮೀಪ ಬಂದು ನಿಂತಿವೆ.

ಪ್ರೊಸೆಸರಿನ ವಿಷಯದಲ್ಲಿ ನಿಮ್ಮ ಗೆಳೆಯರ ಆಯ್ಕೆಯನ್ನು ಗೌರವಿಸುತ್ತೇನೆ. 2024ರ ನವೆಂಬರಿನಲ್ಲಿ ಬಂದ 9800ಎಕ್ಸ್3ಡಿಯಲ್ಲಿ 8 ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ಇದ್ದು, 96 ಎಂಬಿಯಷ್ಟು ಎಲ್3 ಕ್ಯಾಷ್ ಮೆಮೊರಿ ಇದೆ. ಈ ಕ್ಯಾಷಿನಲ್ಲಿ 64 ಎಂಬಿಯನ್ನು ಪ್ರತ್ಯೇಕ ಪದರವಾಗಿ ಕೋರ್‌ಗಳ ಕೆಳಗೆ ಕೂರಿಸಲಾಗಿದೆ. ಆಟಗಳು ಮತ್ತೆ ಮತ್ತೆ ಕೇಳುವ ಮಾಹಿತಿ ದೂರದ ರ‍್ಯಾಮಿನಿಂದ ಬರುವ ಬದಲು ಪಕ್ಕದಲ್ಲೇ ಸಿಗುವುದರಿಂದ ಇದು ಆಟಗಳಲ್ಲಿ ಅಷ್ಟು ಮುಂದಿದೆ. ಹಿಂದಿನ 7800ಎಕ್ಸ್3ಡಿಯಲ್ಲಿ ಆ ಪದರ ಕೋರ್‌ಗಳ ಮೇಲಿದ್ದು ಬಿಸಿ ಹೊರಹೋಗಲು ತಡೆಯಾಗಿತ್ತು, ಇದರಲ್ಲಿ ಆ ತೊಡಕು ನಿವಾರಣೆಯಾಗಿದೆ. ಇಷ್ಟಾದರೂ, ಪರದೆಯ ಪಿಕ್ಸೆಲ್ ಹೆಚ್ಚಿದಂತೆ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುತ್ತದೆ ಎಂಬುದನ್ನು ಮರೆಯಬಾರದು. ಅಡಿಕೆ ಸುಲಿಯುವವರು ಹತ್ತು ಮಂದಿ ಇದ್ದರೂ ಬೇಯಿಸುವ ಹಂಡೆ ಒಂದೇ ಆದರೆ ಕೆಲಸ ಹಂಡೆಯ ವೇಗದಲ್ಲೇ ಸಾಗುವಂತೆ, ಅಂಥ ಕಡೆ ಪ್ರೊಸೆಸರ್ ಎಷ್ಟು ಚುರುಕಾಗಿದ್ದರೂ ಕಾರ್ಡು ಮುಗಿಸುವವರೆಗೆ ಕಾಯಲೇಬೇಕು. ಆದ್ದರಿಂದ 7800ಎಕ್ಸ್3ಡಿ ಗಣನೀಯವಾಗಿ ಕಡಿಮೆ ಬೆಲೆಗೆ ಸಿಕ್ಕರೆ ಹಿಂಜರಿಯದೆ ತೆಗೆದುಕೊಳ್ಳಿ.

ಮದರ್‌ಬೋರ್ಡಿನಲ್ಲಿ ಮಾತ್ರ ನಿಮ್ಮ ಪಟ್ಟಿ ಅನಗತ್ಯವಾಗಿ ದುಬಾರಿಯಾಗಿದೆ. ಬಿ850 ಚಿಪ್‌ಸೆಟ್ಟಿನ ಒಂದು ಗಟ್ಟಿಯಾದ ಬೋರ್ಡು ಈ ಪ್ರೊಸೆಸರಿಗೆ ಧಾರಾಳವಾಗಿ ಸಾಕು. ಅದೂ ಎಎಂ5 ಸಾಕೆಟ್ಟಿನದೇ (ಇಲ್ಲಿ ಸಾಕೆಟ್ಟೆಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ); ಈ ಸಾಕೆಟ್ಟಿಗೆ 2027 ಮತ್ತು ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿರುವುದರಿಂದ ಮುಂದೆ ಪ್ರೊಸೆಸರ್ ಒಂದನ್ನೇ ಬದಲಾಯಿಸುವ ದಾರಿ ತೆರೆದಿರುತ್ತದೆ. ಬೋರ್ಡು ಕೊಳ್ಳುವಾಗ ಹಿಂಭಾಗದಲ್ಲಿ ಬಯಾಸ್ ಫ್ಲ್ಯಾಷ್‌ಬ್ಯಾಕ್ ಗುಂಡಿ ಇದೆಯೇ ಎಂದು ಕೇಳಿ. ಬಯಾಸನ್ನು (ಕಂಪ್ಯೂಟರನ್ನು ಚಾಲೂ ಮಾಡುವ, ಬೋರ್ಡಿನೊಳಗಿನ ತಂತ್ರಾಂಶವನ್ನು) ಹೊಸದಾಗಿಸುವ ನಡುವೆ ಕರೆಂಟು ಹೋದರೆ ಬೋರ್ಡು ಏಳದಂತಾಗಬಹುದು. ಆ ಗುಂಡಿ ಇದ್ದರೆ ಪೆನ್ ಡ್ರೈವ್ ಒಂದರಿಂದ ಮತ್ತೆ ಸರಿಪಡಿಸಿಕೊಳ್ಳಲು ಸಾಧ್ಯ. ನಮ್ಮ ಕಡೆ ಇದು ಆಡಂಬರದ ಸೌಲಭ್ಯವೇನಲ್ಲ, ಅಗತ್ಯ.

ನಾಲ್ಕು ರ‍್ಯಾಮ್ ಸ್ಟಿಕ್ ಹಾಕುವ ಯೋಚನೆಯನ್ನು ಬಿಟ್ಟುಬಿಡಿ. ಈಗಿನ ರ‍್ಯಾಮ್ ಬಗೆಯಾದ ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟ್ ತುಂಬಿದಾಗ 9800ಎಕ್ಸ್3ಡಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ 5600ರಿಂದ 3600ಕ್ಕೆ ಇಳಿಯುತ್ತದೆ. 16 ಜಿಬಿಯ ಎರಡು ಸ್ಟಿಕ್, 6000 ವೇಗ, ಸಿಎಲ್30 ಟೈಮಿಂಗ್ (ಪ್ರತಿಕ್ರಿಯಿಸಲು ಹಿಡಿಯುವ ಸಮಯದ ಅಳತೆ), ಎಕ್ಸ್‌ಪೋ ಪ್ರೊಫೈಲ್ (ಆ ವೇಗಕ್ಕೆ ಬೇಕಾದ ಸಿದ್ಧ ಹೊಂದಿಕೆ) ಇರುವ ಕಿಟ್ ಆಟಗಳಿಗೆ ಸಾಕು. ನಿಮ್ಮ ಕೆಲಸಕ್ಕೆ ಹೆಚ್ಚು ಬೇಕಿದ್ದರೆ 32 ಜಿಬಿಯ ಎರಡನ್ನು ಹಾಕಿಸಿ. 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರುಗಳ ಬೇಡಿಕೆಯ ಕಾರಣಕ್ಕೆ ರ‍್ಯಾಮ್ ಬೆಲೆ ವಿಪರೀತ ಏರಿರುವುದರಿಂದ, ಇಲ್ಲಿ ಅಗತ್ಯ ಮೀರಿ ಕೊಳ್ಳುವುದು ಜಾಣತನವಲ್ಲ. ಮತ್ತೊಂದು ಮಾತು: ಹೊಸ ಯಂತ್ರವನ್ನು ಮೊದಲ ಸಲ ಚಾಲೂ ಮಾಡಿದಾಗ ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಎಎಂ5 ಬೋರ್ಡುಗಳು ಹಲವು ನಿಮಿಷ ತೆಗೆದುಕೊಳ್ಳುವುದುಂಟು, ಪರದೆ ಕಪ್ಪಗಿದೆಯೆಂದು ಗಾಬರಿಯಾಗಿ ಸ್ವಿಚ್ ಆರಿಸಬೇಡಿ.

ಎಸ್‌ಎಸ್‌ಡಿಗೆ ಜೆನ್ 4 ಸಾಕು, 2 ಟಿಬಿ ಇರಲಿ. ಸೆಕೆಂಡಿಗೆ 7,000 ಎಂಬಿ ಓದುವ ಅದಕ್ಕೂ ಅದರ ಇಮ್ಮಡಿ ವೇಗದ ಜೆನ್ 5ಕ್ಕೂ ಆಟ ತೆರೆದುಕೊಳ್ಳುವ ಸಮಯದಲ್ಲಿ ಗುರುತಿಸುವಂಥ ವ್ಯತ್ಯಾಸವಿಲ್ಲ, ಆದರೆ ಜೆನ್ 5 ಹೆಚ್ಚು ಬಿಸಿಯಾಗುತ್ತದೆ. ಇಂದಿನ ದೊಡ್ಡ ಆಟಗಳಲ್ಲಿ 100 ಜಿಬಿ ಮೀರುವಂಥವು ಸಾಕಷ್ಟಿವೆ. ನಿಧಾನಗತಿಯ ಇಂಟರ್‌ನೆಟ್ಟಿರುವ ಊರಿನಲ್ಲಿ ಒಂದನ್ನು ಅಳಿಸಿ ಮತ್ತೆ ಇಳಿಸಿಕೊಳ್ಳುವುದು ಕಷ್ಟವಾದ್ದರಿಂದ, ನಿಮಗೆ ಬೇಕಾದದ್ದು ವೇಗಕ್ಕಿಂತ ಜಾಗ.

ಇನ್ನು ಎಸ್‌ಎಂಪಿಎಸ್. ಇಲ್ಲಿ ನಿಮ್ಮ ಪಟ್ಟಿ ನಿಜವಾಗಿಯೂ ತಪ್ಪಿದೆ. 5080ರ ವಿದ್ಯುತ್ ಬಳಕೆ 360 ವಾಟ್. ಅದಕ್ಕೆ ಎನ್‌ವಿಡಿಯಾವೇ ಹೇಳುವುದು 850 ವಾಟ್‌ನ ಎಸ್‌ಎಂಪಿಎಸ್. 300 ವಾಟ್‌ನ 5070 ಟಿಐಗೆ 750 ಸಾಕೆಂದು ಕಂಪನಿ ಹೇಳಿದರೂ ನಾನು 850ನ್ನೇ ಸೂಚಿಸುತ್ತೇನೆ, ಏಕೆಂದರೆ ಹೊಸ ಕಾರ್ಡುಗಳು ಕ್ಷಣಾರ್ಧದ ಮಟ್ಟಿಗೆ ತಮ್ಮ ಸರಾಸರಿಗಿಂತ ಬಹಳ ಹೆಚ್ಚು ವಿದ್ಯುತ್ ಎಳೆಯುತ್ತವೆ. ಎಟಿಎಕ್ಸ್ 3.1 ಎಂಬ ಎಸ್‌ಎಂಪಿಎಸ್ ಮಾನದಂಡಕ್ಕೆ ಒಪ್ಪುವ, ವಿದ್ಯುತ್ ದಕ್ಷತೆಯಲ್ಲಿ ಗೋಲ್ಡ್ ದರ್ಜೆಯ, ಕನಿಷ್ಠ 7 ವರ್ಷ ವಾರಂಟಿ ಇರುವ ಘಟಕವನ್ನು ಆರಿಸಿ. ಕಾರ್ಡಿಗೆ ವಿದ್ಯುತ್ ಒಯ್ಯುವ ತಂತಿಯನ್ನು ಕ್ಲಿಕ್ ಎನ್ನುವವರೆಗೆ ಪೂರ್ತಿ ಒಳಕ್ಕೆ ಒತ್ತಬೇಕು, ಕನೆಕ್ಟರಿನ ಬುಡದಲ್ಲೇ ಅದನ್ನು ಬಾಗಿಸಬಾರದು. 360 ವಾಟ್ ಎಂದರೆ 12 ವೋಲ್ಟಿನಲ್ಲಿ 30 ಆಂಪಿಯರ್. ಅಷ್ಟು ಕರೆಂಟು ಆರು ಸಣ್ಣ ಪಿನ್ನುಗಳ ಮೂಲಕ ಹರಿಯುವಾಗ ಒಂದೆರಡು ಪಿನ್ನು ಸಡಿಲವಾಗಿದ್ದರೂ ಉಳಿದವು ಬಿಸಿಯಾಗುತ್ತವೆ. 2022ರ ಕೊನೆಯಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳ ಕನೆಕ್ಟರುಗಳು ಕರಗಿದ ಪ್ರಕರಣಗಳಲ್ಲಿ ಪೂರ್ತಿ ಕೂರದ ಕನೆಕ್ಟರು ಒಂದು ಮುಖ್ಯ ಕಾರಣವೆಂದು ಕಂಡುಬಂತು.

ಮದರ್‌ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಕಾರ್ಡುಗಳಲ್ಲಿ ಹೀಗೆ ಉಳಿದ ಹಣದಿಂದ ಮಾನಿಟರ್, ಉತ್ತಮ ಎಸ್‌ಎಂಪಿಎಸ್ ಮತ್ತು ಯುಪಿಎಸ್ ಬರುತ್ತವೆ. ಲಿಕ್ವಿಡ್ ಕೂಲರಿನ ವಿಚಾರ ಮೂರನೆಯ ಉತ್ತರದಲ್ಲಿದೆ.

ಪ್ರಶ್ನೆ: ಹೊಸನಗರ ತಾಲ್ಲೂಕಿನ ಹಳ್ಳಿ ನಮ್ಮದು. ಸಂಜೆ ಹೊತ್ತು ವೋಲ್ಟೇಜ್ 165ಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದಕ್ಕೆ ಲೆಕ್ಕವಿಲ್ಲ. ಗುಡುಗು ಸಿಡಿಲಿನ ಭಯ ಬೇರೆ. ಮಗನ ಗೇಮಿಂಗ್ ಕಂಪ್ಯೂಟರಿಗೆ ಅಂಗಡಿಯವರು 600 ವಿಎ ಯುಪಿಎಸ್ ಸಾಕೆಂದು ಹೇಳುತ್ತಿದ್ದಾರೆ. ಮನೆಯ ಇನ್ವರ್ಟರಿಗೇ ಜೋಡಿಸಬಹುದೇ?
— ಗೃಹಿಣಿ, ಹೊಸನಗರ ತಾಲ್ಲೂಕು

ಉತ್ತರ: 600 ವಿಎ ಖಂಡಿತ ಸಾಲದು. ಯುಪಿಎಸ್ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವುದು ವಿಎ (ವೋಲ್ಟ್-ಆಂಪಿಯರ್). ನಿಮಗೆ ಬೇಕಾದ ಅಳತೆ ವಾಟ್. ಕಡಿಮೆ ಬೆಲೆಯ ಯುಪಿಎಸ್‌ಗಳಲ್ಲಿ ವಿಎಯ ಶೇಕಡ 60ರಷ್ಟು ಮಾತ್ರ ವಾಟ್ ಆಗಿ ಸಿಗುವುದು ಸಾಮಾನ್ಯವಾದ್ದರಿಂದ 600 ವಿಎ ಎಂದರೆ 360 ವಾಟ್. ದೊಡ್ಡ ಗೇಮಿಂಗ್ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡು ಒಂದೇ 300ರಿಂದ 360 ವಾಟ್ ಎಳೆಯುತ್ತದೆ. ಪ್ರೊಸೆಸರ್, ಫ್ಯಾನುಗಳು, ಮಾನಿಟರ್, ಎಸ್‌ಎಂಪಿಎಸ್‌ನಲ್ಲಿ ಬಿಸಿಯಾಗಿ ಹೋಗುವ ಪಾಲು ಎಲ್ಲ ಸೇರಿದರೆ ಆಟದ ಹೊತ್ತಿಗೆ ಒಟ್ಟು 600 ವಾಟ್ ಆಸುಪಾಸು ಆಗುತ್ತದೆ. ಕರೆಂಟು ಹೋದ ಕ್ಷಣದಲ್ಲೇ ಸಣ್ಣ ಯುಪಿಎಸ್ ಓವರ್‌ಲೋಡ್ ಆಗಿ ತಾನೂ ಆರಿಹೋದರೆ ಅದನ್ನು ಇಟ್ಟುಕೊಂಡೂ ಪ್ರಯೋಜನವಿಲ್ಲ. 900 ವಾಟ್‌ಗೆ ಕಡಿಮೆಯಿಲ್ಲದ, ಅಂದರೆ ಸಾಮಾನ್ಯವಾಗಿ 1500 ವಿಎ ದರ್ಜೆಯ, ಪ್ಯೂರ್ ಸೈನ್ ವೇವ್ (ಲೈನಿನ ಕರೆಂಟಿನಂತೆ ನಯವಾದ ಅಲೆ) ಕೊಡುವ, ಸಣ್ಣಪುಟ್ಟ ವೋಲ್ಟೇಜ್ ಏರಿಳಿತವನ್ನು ಬ್ಯಾಟರಿಯಿಲ್ಲದೆಯೇ ಸರಿಪಡಿಸುವ ಲೈನ್ ಇಂಟರಾಕ್ಟಿವ್ ಯುಪಿಎಸ್ ಕೊಳ್ಳಿ. ಈಗಿನ ಎಸ್‌ಎಂಪಿಎಸ್‌ಗಳಲ್ಲಿರುವ ಆಕ್ಟಿವ್ ಪಿಎಫ್‌ಸಿ (ಲೈನಿನಿಂದ ಕರೆಂಟನ್ನು ಸಮವಾಗಿ ಎಳೆಯುವ) ಸರ್ಕ್ಯೂಟು ಒರಟು ಅಲೆಯ ವಿದ್ಯುತ್ತಿನಲ್ಲಿ ಕೆಲವೊಮ್ಮೆ ಹಠಾತ್ತನೆ ನಿಂತುಬಿಡುತ್ತದೆ. ಇದೇ ಕಾರಣಕ್ಕೆ ಸ್ಕ್ವೇರ್ ವೇವ್ ಇನ್ವರ್ಟರಿಗೆ ಈ ಕಂಪ್ಯೂಟರನ್ನು ಜೋಡಿಸಲೇಬೇಡಿ. ನಿಮ್ಮದು ಸೈನ್ ವೇವ್ ಇನ್ವರ್ಟರಾಗಿದ್ದು, ಹಿಂಬದಿಯಲ್ಲಿ ಯುಪಿಎಸ್ ಮೋಡಿನ ಸ್ವಿಚ್ಚಿದ್ದು, ವಾಟ್ ಸಾಮರ್ಥ್ಯವೂ ಸಾಕಷ್ಟಿದ್ದರೆ ಮಾತ್ರ ಯೋಚಿಸಬಹುದು. ಆದರೆ ಮನೆಯ ದೀಪ, ಫ್ಯಾನು, ಮಿಕ್ಸಿಗಳೊಂದಿಗೆ ಅದನ್ನು ಹಂಚಿಕೊಳ್ಳುವುದಕ್ಕಿಂತ ಪ್ರತ್ಯೇಕ ಯುಪಿಎಸ್ ಇರುವುದೇ ಕ್ಷೇಮ.

ವೋಲ್ಟೇಜ್ ಇಳಿಯುವ ಬಗ್ಗೆ ಒಂದು ಸಮಾಧಾನವಿದೆ. ಒಳ್ಳೆಯ ಎಸ್‌ಎಂಪಿಎಸ್‌ಗಳು 100ರಿಂದ 240 ವೋಲ್ಟಿನವರೆಗೆ ಕೆಲಸ ಮಾಡುವಂತೆಯೇ ತಯಾರಾಗಿರುತ್ತವೆ, ಹೀಗಾಗಿ 165 ವೋಲ್ಟಿನಿಂದ ಅವು ಕೆಡುವುದಿಲ್ಲ. ಆದರೆ 600 ವಾಟ್‌ಗೆ 230 ವೋಲ್ಟಿನಲ್ಲಿ 2.6 ಆಂಪಿಯರ್ ಸಾಕಾಗುವಲ್ಲಿ 165 ವೋಲ್ಟಿನಲ್ಲಿ 3.6 ಆಂಪಿಯರ್ ಬೇಕಾಗುವುದರಿಂದ ಹಳೆಯ ವೈರಿಂಗ್, ಸಡಿಲ ಪ್ಲಗ್ಗು, ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸುಗಳು ಬಿಸಿಯಾಗುತ್ತವೆ. ತೊಂದರೆ ಹೆಚ್ಚಾಗಿ ಯುಪಿಎಸ್‌ಗೆ: ವೋಲ್ಟೇಜ್ ಅದರ ಕೆಳಮಿತಿಯ ಕೆಳಗೆ ಇಳಿದಾಗಲೆಲ್ಲ ಅದು ಬ್ಯಾಟರಿಗೆ ಹೊರಳುತ್ತದೆ, ದಿನವೂ ಸಂಜೆ ಹೀಗಾದರೆ ಬ್ಯಾಟರಿ ಬೇಗ ಸಾಯುತ್ತದೆ. ಕೊಳ್ಳುವ ಮೊದಲು ಬ್ಯಾಟರಿಯ ಸಹಾಯವಿಲ್ಲದೆ ಎಷ್ಟು ವೋಲ್ಟಿನವರೆಗೆ ಅದು ನಿಭಾಯಿಸುತ್ತದೆ ಎಂದು ಕೈಪಿಡಿಯಲ್ಲಿ ನೋಡಿ. ಸಾಲದಿದ್ದರೆ ಯುಪಿಎಸ್‌ಗೆ ಮುಂಚೆ ಒಂದು ಸರ್ವೋ ಸ್ಟೆಬಿಲೈಸರ್ (ವೋಲ್ಟೇಜನ್ನು ಮೋಟಾರಿನಿಂದ ಕಡಿತವಿಲ್ಲದೆ ಹೊಂದಿಸುವಂಥದು) ಹಾಕಿಸಿ. ರಿಲೇ ಮಾದರಿಯದು ಹಂತ ಬದಲಿಸುವಾಗಲೆಲ್ಲ ಕ್ಷಣಮಾತ್ರ ಕಡಿತವಾಗುವುದರಿಂದ ಈ ಕೆಲಸಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಮನೆಗೆ ಬರಬೇಕಾದ ವಿದ್ಯುತ್ತು 230 ವೋಲ್ಟ್, ಶೇಕಡ 6ರಷ್ಟು ಮಾತ್ರ ಹೆಚ್ಚುಕಡಿಮೆ. ಮೀಟರಿನ ಬಳಿ ಒಂದು ವಾರ ಬೆಳಗ್ಗೆ ಸಂಜೆ ಅಳತೆ ಬರೆದಿಟ್ಟು, ಅಕ್ಕಪಕ್ಕದ ಮನೆಯವರ ಸಹಿಯೊಂದಿಗೆ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಅರ್ಜಿ ಕೊಡಿ, ಹೆಚ್ಚುವರಿ ಟಿ.ಸಿ.ಗೆ (ಟ್ರಾನ್ಸ್‌ಫಾರ್ಮರಿಗೆ) ಅದು ಸರಿಯಾದ ಆಧಾರ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ನಮ್ಮ ಕಡೆಯ ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ತೇವವಾಗಿದ್ದು ಚೆನ್ನಾಗಿ ಅರ್ಥ್ ಕೊಟ್ಟರೂ, ಮಾರ್ಚ್ ಏಪ್ರಿಲ್ ಹೊತ್ತಿಗೆ ಒಣಗಿ ಅದರ ರೋಧ ಬಹಳ ಏರುತ್ತದೆ. ಸಿಡಿಲು ಹೆಚ್ಚಾಗಿ ಬರುವುದು ಕೂಡ ಆ ಒಣ ನೆಲದ ಮೇಲೆ ಬೀಳುವ ಮುಂಗಾರುಪೂರ್ವ ಮಳೆಯ ಜೊತೆಯಲ್ಲೇ. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವ ಹಳೆಯ ಪದ್ಧತಿಯನ್ನು ಬಿಡಬೇಡಿ. ಅರ್ಹ ಎಲೆಕ್ಟ್ರಿಷಿಯನ್ ಒಬ್ಬರಿಂದ ಅರ್ಥ್ ರೋಧವನ್ನು ಉಪಕರಣದಿಂದಲೇ ಅಳೆಯಿಸಿ, ಬಲ್ಬು ಉರಿಸಿ ತೋರಿಸುವ ಪರೀಕ್ಷೆಯನ್ನು ನಂಬಬೇಡಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಕಂಡರೆ ಕಾರಣ ಹುಡುಕಿಸಬೇಕು. ಆಮೇಲೆ ಮನೆಯ ಡಿಬಿಯಲ್ಲಿ (ವಿದ್ಯುತ್ ಹಂಚುವ ಪೆಟ್ಟಿಗೆಯಲ್ಲಿ) ಟೈಪ್ 2 ಎಸ್‌ಪಿಡಿ (ದಿಢೀರ್ ವೋಲ್ಟೇಜ್ ಏರಿಕೆಯಿಂದ ರಕ್ಷಿಸುವ ಸಾಧನ) ಒಂದನ್ನು ಹಾಕಿಸಿ. ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕೆ ಹರಿಸುವುದೇ ಅದರ ಕೆಲಸವಾದ್ದರಿಂದ, ಅರ್ಥ್ ಸರಿಯಿಲ್ಲದ ಮನೆಯಲ್ಲಿ ಎಷ್ಟು ಬೆಲೆಯ ಎಸ್‌ಪಿಡಿ, ಸ್ಪೈಕ್ ಬಸ್ಟರ್ ಹಾಕಿಸಿದರೂ ವ್ಯರ್ಥ.

ಹತ್ತಿರದಲ್ಲೇ ಬೀಳುವ ಸಿಡಿಲನ್ನು ಮಾತ್ರ ಇವು ಯಾವುವೂ ತಡೆಯಲಾರವು. ಗುಡುಗು ದೂರದಲ್ಲಿರುವಾಗಲೇ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡುವುದನ್ನು ಮಗನಿಗೆ ಅಭ್ಯಾಸ ಮಾಡಿಸಿ. ಅದರೊಂದಿಗೆ ಇಂಟರ್‌ನೆಟ್ ತಂತಿಯನ್ನೂ ಬಿಡಿಸಬೇಕು. ಫೈಬರ್ ಗಾಜಿನ ಎಳೆಯಾದ್ದರಿಂದ ವಿದ್ಯುತ್ ಒಯ್ಯದು, ಆದರೆ ಕಂಬದಿಂದ ಬರುವ ಕೇಬಲಿನೊಳಗೆ ಬಲಕ್ಕಾಗಿ ಉಕ್ಕಿನ ತಂತಿ ಇರುವುದುಂಟು. ಮೋಡೆಮ್ಮಿನ ಅಡಾಪ್ಟರ್ ವಿದ್ಯುತ್ ಲೈನಿನಲ್ಲೇ ಇರುತ್ತದೆ. ಮೋಡೆಮ್ಮಿನಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ತಂತಿ ತಾಮ್ರದ್ದು. ಪ್ಲಗ್ಗು ಕಿತ್ತಿದ್ದರೂ ಮದರ್‌ಬೋರ್ಡು ಸುಟ್ಟಿತೆಂದು ಹೇಳುವ ಮನೆಗಳಲ್ಲಿ ಈ ಲ್ಯಾನ್ ತಂತಿಯ ದಾರಿಯನ್ನು ಯಾರೂ ಗಮನಿಸಿರುವುದಿಲ್ಲ.

ಪ್ರಶ್ನೆ: ಆಗುಂಬೆ ಸೀಮೆಯ ಮಳೆಗೆ ನಮ್ಮ ಮನೆಯ ಪುಸ್ತಕ, ಬಟ್ಟೆ, ಕ್ಯಾಮೆರಾ ಲೆನ್ಸ್ ಎಲ್ಲವೂ ಬೂಸ್ಟು ಹಿಡಿಯುತ್ತವೆ. ಕಂಪ್ಯೂಟರಿನ ಗತಿಯೇನು? ಲಿಕ್ವಿಡ್ ಕೂಲಿಂಗ್ ಒಳ್ಳೆಯದೇ?
— ಉಪನ್ಯಾಸಕರು, ಶೃಂಗೇರಿ

ಉತ್ತರ: ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಸೀಮೆಯಲ್ಲಿ ನಿಮ್ಮ ಆತಂಕ ಸಹಜ. ಆದರೆ ಇಲ್ಲಿ ಅಪಾಯವಿರುವುದು ಚಾಲೂ ಇರುವ ಯಂತ್ರಕ್ಕಲ್ಲ, ಸುಮ್ಮನೆ ಬಿಟ್ಟಿರುವ ಯಂತ್ರಕ್ಕೆ. ನಡೆಯುತ್ತಿರುವ ಕಂಪ್ಯೂಟರಿನ ಒಳಭಾಗ ಕೋಣೆಯ ಗಾಳಿಗಿಂತ ಬೆಚ್ಚಗಿರುವುದರಿಂದ ಅದರ ಮೇಲೆ ನೀರಾವಿ ಹನಿಗಟ್ಟುವುದಿಲ್ಲ. ವಾರಗಟ್ಟಲೆ ಆರಿಸಿಟ್ಟಾಗ ಬೋರ್ಡಿನ ಮೇಲಿನ ಧೂಳು ತೇವವನ್ನು ಹೀರಿ, ಸೂಕ್ಷ್ಮವಾದ ಬೆಸುಗೆಗಳ ನಡುವೆ ಕರೆಂಟಿಗೆ ದಾರಿ ಮಾಡಿಕೊಡುತ್ತದೆ, ಕ್ರಮೇಣ ತುಕ್ಕಿಗೂ ಕಾರಣವಾಗುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಟವಾಡದ ದಿನವೂ ಅರ್ಧ ಗಂಟೆಯಾದರೂ ಯಂತ್ರವನ್ನು ಚಾಲೂ ಮಾಡಿ. ಆರಿಸಿದ ಮೇಲೆ ಹತ್ತಿಯ ಬಟ್ಟೆ ಹೊದಿಸಿ, ತೇವವನ್ನು ಒಳಗೇ ಹಿಡಿದಿಡುವ ಪ್ಲಾಸ್ಟಿಕ್ ಹೊದಿಕೆ ಬೇಡ. ಮಳೆಗಾಲಕ್ಕೆ ಮುನ್ನ, ಮೇ ತಿಂಗಳಲ್ಲೇ ಒಳಗಿನ ಧೂಳನ್ನು ತೆಗೆಸುವುದು ವರ್ಷದ ಅತಿ ಮುಖ್ಯವಾದ ಸೇವೆ. ಕ್ಯಾಬಿನೆಟ್ಟನ್ನು ನೆಲದ ಮೇಲೆ, ಹೊರಗೋಡೆಗೆ ತಾಗಿಸಿ ಅಥವಾ ಬಚ್ಚಲೊಲೆಯ ಹೊಗೆ ಬರುವ ಕಡೆ ಇಡಬಾರದು.

ಕ್ಯಾಬಿನೆಟ್ ಆರಿಸುವಾಗ ಮುಂಭಾಗ ಗಾಜಿನದಿರದೆ ಜಾಲರಿಯದಿರಲಿ, ಕಳಚಿ ತೊಳೆಯಬಹುದಾದ ಧೂಳಿನ ಫಿಲ್ಟರ್ ಇರಲಿ. ಗಾಳಿಯನ್ನು ಒಳಗೆಳೆಯುವ ಫ್ಯಾನುಗಳು ಹೊರತಳ್ಳುವವಕ್ಕಿಂತ ಹೆಚ್ಚಿದ್ದರೆ ಒಳಗಿನ ಒತ್ತಡ ತುಸು ಏರಿ, ಸಂದುಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ. ಹಿಂಬದಿಯಲ್ಲಿ ಬಳಸದ ಸ್ಲಾಟುಗಳ ಮುಚ್ಚಳಗಳನ್ನು ತೆಗೆದುಬಿಟ್ಟಿದ್ದರೆ ಮತ್ತೆ ಹಾಕಿಸಿ, ದೊಡ್ಡ ಕಿಂಡಿಗಳಿಗೆ ಸೊಳ್ಳೆ ಜಾಲರಿ ಕಟ್ಟಿ. ಬೆಚ್ಚಗಿನ ಜಾಗ ಹುಡುಕುವ ಹಲ್ಲಿ, ಜಿರಳೆ, ಇರುವೆಗಳು ಎಸ್‌ಎಂಪಿಎಸ್ ಒಳಗೆ ಸೇರಿ ಶಾರ್ಟ್ ಆಗುವುದು ಮಲೆನಾಡಿನಲ್ಲಿ ಅಪರೂಪವೇನಲ್ಲ.

ಲಿಕ್ವಿಡ್ ಕೂಲರ್ ನಿಮಗೆ ಬೇಕಿಲ್ಲ. ಅದರ ಪಂಪು ನಿಂತರೆ ಅಥವಾ ಕೊಳವೆ ಸೋರಿದರೆ ಇಲ್ಲಿ ರಿಪೇರಿಯ ಮಾತಿಲ್ಲ. ಬೆಂಗಳೂರಿಗೆ ಕಳುಹಿಸಿ ವಾರಗಟ್ಟಲೆ ಕಾಯಬೇಕು. 120 ವಾಟ್ ದರ್ಜೆಯ 9800ಎಕ್ಸ್3ಡಿಯನ್ನು ಎರಡು ಫ್ಯಾನಿನ ಒಳ್ಳೆಯ ಟವರ್ ಏರ್ ಕೂಲರ್ ಸುಲಭವಾಗಿ ತಣ್ಣಗಿಡುತ್ತದೆ. ಏರ್ ಕೂಲರಿನಲ್ಲಿ ಕೆಡುವುದು ಫ್ಯಾನು ಮಾತ್ರ, ಅದನ್ನು ಯಾರು ಬೇಕಾದರೂ ಬದಲಾಯಿಸಬಹುದು.

ಪ್ರಶ್ನೆ: ಬಿಡಿಭಾಗಗಳನ್ನು ಶಿವಮೊಗ್ಗದಲ್ಲೇ ಕೊಳ್ಳುವುದೋ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ, ಆನ್‌ಲೈನಿನಲ್ಲೋ? ಮೂರು ಕಡೆಯೂ ಬೆಲೆ ಬೇರೆ ಬೇರೆ ಇದೆ.
— ವಿದ್ಯಾರ್ಥಿ, ಭದ್ರಾವತಿ

ಉತ್ತರ: ಎಲ್ಲವನ್ನೂ ಒಂದೇ ಕಡೆ ಕೊಳ್ಳಬೇಕೆಂದಿಲ್ಲ. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿಗಳು ಅಪರೂಪಕ್ಕೆ ಕೆಡುವಂಥವು, ಕೊರಿಯರಿನಲ್ಲಿ ಕಳುಹಿಸುವುದೂ ಸುಲಭ; ಇವನ್ನು ಬೆಲೆ ಕಡಿಮೆಯಿರುವ ಕಡೆ ಕೊಳ್ಳಿ. ಮಾನಿಟರ್, ಯುಪಿಎಸ್, ಕ್ಯಾಬಿನೆಟ್ಟುಗಳು ಭಾರದವು, ದಾರಿಯಲ್ಲಿ ಪೆಟ್ಟಾಗುವಂಥವು. ಇವನ್ನು ನೂರಿನ್ನೂರು ರೂಪಾಯಿ ಹೆಚ್ಚಾದರೂ ಶಿವಮೊಗ್ಗದ ಅಂಗಡಿಯಲ್ಲೇ, ಚಾಲೂ ಮಾಡಿ ತೋರಿಸಿದ ಮೇಲೆ ತೆಗೆದುಕೊಳ್ಳಿ. ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಆ ಬ್ರ್ಯಾಂಡಿನ ಸರ್ವೀಸ್ ಸೆಂಟರ್ ಎಲ್ಲಿದೆ, ವಾರಂಟಿ ಬಿಲ್ಲಿನ ಮೇಲೆ ನಡೆಯುತ್ತದೋ ಸೀರಿಯಲ್ ನಂಬರಿನ ಮೇಲೋ, ಕಾರ್ಡನ್ನು ಕಳುಹಿಸುವ ಖರ್ಚು ಯಾರದು ಎಂದು ಮೊದಲೇ ಕೇಳಿ ತಿಳಿಯಬೇಕು. ಶೇಕಡ 18 ಜಿಎಸ್‌ಟಿ ಉಳಿಸಿಕೊಡುತ್ತೇವೆಂದು ಬಿಲ್ಲಿಲ್ಲದೆ ಕೊಡಲು ಬರುವವರಿಂದ ಏನನ್ನೂ ಕೊಳ್ಳಬೇಡಿ. ಮೂರು ವರ್ಷದ ವಾರಂಟಿ ಆ ಒಂದು ಕಾಗದದ ಮೇಲೆ ನಿಂತಿರುತ್ತದೆ. ತುಕ್ಕು, ಸುಟ್ಟ ಗುರುತು, ಮುರಿದ ಕನೆಕ್ಟರುಗಳನ್ನು ವಾರಂಟಿಯ ಷರತ್ತುಗಳು ಸಾಮಾನ್ಯವಾಗಿ ಹೊರಗಿಡುತ್ತವೆ ಎಂಬುದೂ ನೆನಪಿರಲಿ.

ಬೆಂಗಳೂರಿನಲ್ಲಿ ಜೋಡಿಸಿದ ಯಂತ್ರವನ್ನು ಬಸ್ಸಿನಲ್ಲೋ ರೈಲಿನಲ್ಲೋ ತರುವುದಾದರೆ ಗ್ರಾಫಿಕ್ಸ್ ಕಾರ್ಡನ್ನೂ ದೊಡ್ಡ ಏರ್ ಕೂಲರನ್ನೂ ಬಿಚ್ಚಿಸಿ ಅವುಗಳ ಪೆಟ್ಟಿಗೆಯಲ್ಲೇ ತನ್ನಿ. ಈಗಿನ ದೊಡ್ಡ ಕಾರ್ಡುಗಳು ಒಂದೂವರೆ ಎರಡು ಕಿಲೋ ತೂಗುತ್ತವೆ. ಗಂಟೆಗಟ್ಟಲೆಯ ಕುಲುಕಾಟದಲ್ಲಿ ಆ ತೂಕವೆಲ್ಲ ಒಂದು ಸ್ಲಾಟಿನ ಮೇಲೆ ಬಿದ್ದರೆ ಮದರ್‌ಬೋರ್ಡು ಬಿರುಕು ಬಿಡಬಹುದು.

ಪ್ರಶ್ನೆ: ಇಂಟೆಲ್‌ನ 14ನೇ ತಲೆಮಾರಿನ ಐ9 ಪ್ರೊಸೆಸರ್ ಸೆಕೆಂಡ್‌ಹ್ಯಾಂಡ್ ಅಗ್ಗಕ್ಕೆ ಬಂದಿದೆ. ಕೊಳ್ಳಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಬೇಡ ಎನ್ನುತ್ತೇನೆ. 13 ಮತ್ತು 14ನೇ ತಲೆಮಾರಿನ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ, ವಿಶೇಷವಾಗಿ ಐ9 ಮತ್ತು ಐ7ರ ದೊಡ್ಡ ಮಾದರಿಗಳಲ್ಲಿ, ಅಗತ್ಯ ಮೀರಿದ ವೋಲ್ಟೇಜಿನಿಂದ ಕ್ರಮೇಣ ಅಸ್ಥಿರತೆ ಉಂಟಾಗುವ ದೋಷವನ್ನು 2024ರಲ್ಲಿ ಇಂಟೆಲ್ ಒಪ್ಪಿಕೊಂಡು, ಆ ವರ್ಷದ ಆಗಸ್ಟ್‌ನಿಂದ ಮೈಕ್ರೋಕೋಡ್ (ಪ್ರೊಸೆಸರಿನ ಒಳ ತಂತ್ರಾಂಶ) ತಿದ್ದುಪಡಿಗಳನ್ನು ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ತಿದ್ದುಪಡಿಯು ಮುಂದಿನ ಹಾನಿಯನ್ನು ತಡೆಯುತ್ತದೆಯೇ ಹೊರತು ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ. ಮೊದಲ ಮಾಲೀಕರು ಅದನ್ನು ಹೇಗೆ ಬಳಸಿದ್ದರೆಂದು ಹೊರಗಿನಿಂದ ನೋಡಿ ತಿಳಿಯುವ ಉಪಾಯವಿಲ್ಲ.

ಪ್ರಶ್ನೆ: ಕರೆಂಟಿನ ಇಷ್ಟೆಲ್ಲ ತಾಪತ್ರಯವಿರುವಾಗ ಆರ್‌ಟಿಎಕ್ಸ್ 5080 ಇರುವ ಲ್ಯಾಪ್‌ಟಾಪನ್ನೇ ಕೊಂಡರೆ ಹೇಗೆ? ಕಾರ್ಡು ಎರಡರಲ್ಲೂ ಒಂದೇ ಅಲ್ಲವೇ?
— ಓದುಗರು, ಸಾಗರ

ಉತ್ತರ: ಹೆಸರು ಒಂದೇ, ಕಾರ್ಡು ಒಂದೇ ಅಲ್ಲ. ಡೆಸ್ಕ್‌ಟಾಪಿನ 5080 ಕಾರ್ಡಿಗೆ 360 ವಾಟ್‌ನ ಅವಕಾಶವಿದ್ದರೆ, ಲ್ಯಾಪ್‌ಟಾಪಿನ 5080 ಅದರ ಅರ್ಧಕ್ಕಿಂತಲೂ ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವ, ಅದೇ ಚಿಪ್ಪಿನ ಕೋರ್‌ಗಳನ್ನು ಕಡಿಮೆ ಮಾಡಿದ ರೂಪ. ಮೆಮೊರಿ ಎರಡರಲ್ಲೂ 16 ಜಿಬಿ ಇದ್ದರೂ ವೇಗದಲ್ಲಿ ದೊಡ್ಡ ಅಂತರವಿದೆ. ಬ್ಯಾಟರಿಯ ಮೇಲೆ ನಡೆಯುವಾಗ ಆ ಶಕ್ತಿಯೂ ತೀರ ಕಡಿಮೆಯಾಗುವುದರಿಂದ, ಕರೆಂಟು ಹೋದಾಗಲೂ ದೊಡ್ಡ ಆಟವನ್ನು ಮೊದಲಿನಂತೆಯೇ ಮುಂದುವರಿಸಬಹುದೆಂದು ಎಣಿಸಬೇಡಿ. ಆಟ ಆರಿಹೋಗದೆ, ಉಳಿಸಿ ನಿಲ್ಲಿಸಲು ಸಮಯ ಸಿಗುತ್ತದೆ, ಅಷ್ಟೆ. ನೀವು ಕೆಲಸದ ನಿಮಿತ್ತ ಸಾಗರ, ಶಿವಮೊಗ್ಗ, ಬೆಂಗಳೂರುಗಳ ನಡುವೆ ಓಡಾಡುವವರಾದರೆ ಲ್ಯಾಪ್‌ಟಾಪ್ ಯೋಗ್ಯ. ಆಗಲೂ ಕಾರ್ಡಿನ ಹೆಸರನ್ನು ಮಾತ್ರ ನೋಡದೆ, ಆ ಮಾದರಿಯಲ್ಲಿ ಅದಕ್ಕೆ ಎಷ್ಟು ವಾಟ್ ಕೊಟ್ಟಿದ್ದಾರೆಂದು ವಿವರಪಟ್ಟಿಯಲ್ಲಿ ಓದಿಕೊಳ್ಳಿ, ಏಕೆಂದರೆ ಒಂದೇ ಹೆಸರಿನ ಕಾರ್ಡಿಗೆ ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಮಿತಿ ಇಟ್ಟಿರುತ್ತವೆ. ಒಂದೇ ಮನೆಯಲ್ಲಿ ಕುಳಿತು ಆಡುವವರಾದರೆ ಅಷ್ಟೇ ಹಣಕ್ಕೆ ಡೆಸ್ಕ್‌ಟಾಪ್, ಅದಕ್ಕೊಂದು ಯುಪಿಎಸ್ ಎರಡೂ ಬರುತ್ತವೆ. ನಾಲ್ಕು ವರ್ಷದ ನಂತರ ಕಾರ್ಡೊಂದನ್ನೇ ಬದಲಾಯಿಸಬೇಕೆನಿಸಿದರೆ ಅದಕ್ಕೂ ಅವಕಾಶ ಇರುತ್ತದೆ.